ಕಲ್ಲಿನ ನಾಯಿ ಓಡಬೇಕಾದರೆ

(ವಸ್ತುಸಂಗ್ರಹಾಲಯದ ಕಲಾಕೃತಿಗಳನ್ನು ಆಧರಿಸಿ ಕಿರು ಅನಿಮೇಷನ್ ಚಿತ್ರಗಳನ್ನು ತಯಾರಿಸಲು ಹೊರಟಿರುವ ಬೆಂಗಳೂರಿನ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಈ ಶಿಬಿರದವರು ನನ್ನನ್ನು ಕರೆದಾಗ ಮೊದಲು ಸಂಕೋಚವಾಯಿತು. ನಾನು ಅನಿಮೇಷನ್ ಮಾಡಿದವನಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಕಂಪ್ಯೂಟರಿನ ಮುಂದೆ ಕೂತರೆ ನಿಮ್ಮಲ್ಲಿ ಅತಿ ಕಿರಿಯರಾದವರೂ ನನಗೆ ಪಾಠ ಹೇಳಬಲ್ಲರು. ಆದರೆ ನೀವು ಮ್ಯೂಸಿಯಂಗಳಿಗೆ ಹೋಗಿ, ಅಲ್ಲಿರುವ ಕಲ್ಲು, ಚಿತ್ರ, ಗೊಂಬೆಗಳಲ್ಲಿ ಒಂದನ್ನು ಆರಿಸಿಕೊಂಡು, ಅದರಿಂದ ಒಂದು ನಿಮಿಷದ ಚಿತ್ರ ಮಾಡಲಿದ್ದೀರಿ ಎಂದು ತಿಳಿದ ಮೇಲೆ ಬರುತ್ತೇನೆಂದು ಒಪ್ಪಿಕೊಂಡೆ. ಏಕೆಂದರೆ ಒಂದು ಸಲ ಅಂಥದೇ ಒಂದು ಕಲ್ಲಿನ ಮುಂದೆ ನಾನು ಪೆಚ್ಚಾಗಿ ನಿಂತದ್ದಿದೆ. ಅಲ್ಲಿಂದಲೇ ಶುರುಮಾಡುತ್ತೇನೆ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ದಸರಾ ರಜೆಗೆ ಬಂದಿದ್ದ ತಂಗಿಯ ಮಗನನ್ನು ಕರೆದುಕೊಂಡು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. 1865ರಲ್ಲಿ ಸ್ಥಾಪನೆಯಾದ, ದೇಶದ ಹಳೆಯ ಮ್ಯೂಸಿಯಂಗಳಲ್ಲಿ ಒಂದು ಅದು. ಆ ಕೆಂಪು ಕಟ್ಟಡವನ್ನು ನೀವೆಲ್ಲ ಬಸ್ಸಿನ ಕಿಟಕಿಯಿಂದಲಾದರೂ ನೋಡಿರುತ್ತೀರಿ. ಹುಡುಗನಿಗೆ ಆಗ ಏಳೋ ಎಂಟೋ ವಯಸ್ಸು. ವಿಗ್ರಹ, ನಾಣ್ಯ, ಮಡಕೆಗಳನ್ನೆಲ್ಲ ಓಡೋಡುತ್ತಲೇ ನೋಡಿ ಮುಗಿಸಿದವನು ಒಂದು ಕಲ್ಲಿನ ಮುಂದೆ ಗಕ್ಕನೆ ನಿಂತ. ಹಳಗನ್ನಡದ ಸಾಲುಗಳ ಜೊತೆಯಲ್ಲಿ ಅಲ್ಲಿ ಎರಡು ಪ್ರಾಣಿಗಳನ್ನು ಕೆತ್ತಲಾಗಿದೆ. ಒಂದು ನಾಯಿ, ಇನ್ನೊಂದು ಕಾಡುಹಂದಿ. ಎರಡೂ ಸೆಣಸುತ್ತಿವೆ. ನಾನು ಡ್ರಾಯಿಂಗ್ ಮೇಷ್ಟ್ರಲ್ಲವೇ, ರೇಖೆಯ ಬಿಗಿ, ಮೈಯ ಬಾಗು ಎಂದೆಲ್ಲ ಗತ್ತಿನಿಂದ ವಿವರಿಸತೊಡಗಿದೆ. ಅವನು ಅದೊಂದನ್ನೂ ಕಿವಿಗೆ ಹಾಕಿಕೊಳ್ಳದೆ ಕೇಳಿದ: “ಮಾವ, ಕೊನೆಗೆ ಯಾರು ಗೆದ್ದರು?”

ನನಗೆ ಗೊತ್ತಿರಲಿಲ್ಲ. “ನಾಯಿಯೇ ಇರಬೇಕು” ಎಂದೆ. “ಇರಬೇಕು ಅಂದರೆ?” ಎಂದ. ಹುಡುಗರು ಹೀಗೆಯೇ. ಉತ್ತರ ಗೊತ್ತಿಲ್ಲದವರನ್ನು ಮೂಸಿ ಕಂಡುಹಿಡಿಯುತ್ತಾರೆ.

ಆಮೇಲೆ ಪುಸ್ತಕಗಳಲ್ಲಿ ಹುಡುಕಿ ತಿಳಿದುಕೊಂಡೆ. ಅದು ಆತಕೂರು ಶಾಸನ. ಆತಕೂರು ಇರುವುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ಕಲ್ಲು ಕ್ರಿ.ಶ. 949-50ರದು. ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ದೊಡ್ಡ ಯುದ್ಧವಾಯಿತು. ಗಂಗರ ಇಮ್ಮಡಿ ಬೂತುಗ ಕೃಷ್ಣನ ಪರವಾಗಿ ಕಾದಿ ರಾಜಾದಿತ್ಯನನ್ನು ಕೊಂದ. ಆ ಕದನದಲ್ಲಿ ಬೂತುಗನ ಕಡೆಯ ಮಣಲೇರ ಎಂಬ ವೀರ ಬಹಳ ಸಾಹಸ ತೋರಿದ. ಒಡೆಯ ಮೆಚ್ಚಿ ಬೇಕಾದ್ದನ್ನು ಕೇಳಿಕೋ ಎಂದಾಗ ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಪುಣ್ಯಾತ್ಮನ ಆಯ್ಕೆ ನನಗೆ ಬಹಳ ಹಿಡಿಸಿತು. ಆ ಕಾಳಿ ಮುಂದೆ ಒಂದು ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಆತಕೂರಿನ ದೇವಾಲಯದ ಎದುರು ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದಕ್ಕೆ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟ. ಪೂಜಿಸುವವನು ಈ ಕಲ್ಲನ್ನು ಪೂಜಿಸದೆ ಉಣ್ಣಕೂಡದು ಎಂಬ ಕಟ್ಟಳೆಯೂ ಅದರಲ್ಲಿದೆ.

ಅಂದರೆ ಯಾರೂ ಗೆಲ್ಲಲಿಲ್ಲ. ಹುಡುಗನ ಪ್ರಶ್ನೆಗೆ ಉತ್ತರ ನಮ್ಮ ಕಣ್ಣೆದುರೇ, ನನಗೆ ಓದಲು ಬಾರದ ಅಕ್ಷರಗಳಲ್ಲಿ ಬರೆದಿತ್ತು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಆ ಕಲ್ಲು ತೋರಿಸುವುದು ಒಂದೇ ಒಂದು ಗಳಿಗೆಯನ್ನು. ಅದಕ್ಕೆ ಮೊದಲು ಒಂದು ಯುದ್ಧ, ಒಂದು ಮೆಚ್ಚುಗೆ, ಒಂದು ಉಡುಗೊರೆ ಇವೆ. ಅದರ ನಂತರ ಎರಡು ಸಾವು, ಒಬ್ಬ ಮನುಷ್ಯನ ದುಃಖ, ಒಂದು ಕಲ್ಲು ಇವೆ. ಹಿಂದಿನದೂ ಮುಂದಿನದೂ ಬರಹದಲ್ಲಿದೆ, ನಡುವಿನ ಗಳಿಗೆ ಶಿಲ್ಪದಲ್ಲಿದೆ. ನಾಯಿ ಓಡಬೇಕು ಎಂದು ನೀವು ಪೆನ್ಸಿಲ್ ಹಿಡಿದ ಕೂಡಲೇ ಪ್ರಶ್ನೆಗಳು ಮುತ್ತಿಕೊಳ್ಳುತ್ತವೆ. ಕಾಳಿ ಹಂದಿಯನ್ನು ಮೊದಲು ಕಂಡದ್ದು ಎಷ್ಟು ದೂರದಿಂದ? ಬೊಗಳಿತೋ, ಸದ್ದಿಲ್ಲದೆ ಹೋಯಿತೋ? ಗುಡ್ಡದ ಮೇಲಿನಿಂದ ಇಳಿಯಿತೋ, ಕೆಳಗಿನಿಂದ ಹತ್ತಿತೋ? ಮಣಲೇರ ಹತ್ತಿರದಲ್ಲಿದ್ದನೋ, ಸುದ್ದಿ ಕೇಳಿ ಆಮೇಲೆ ಓಡಿ ಬಂದನೋ? ಮ್ಯೂಸಿಯಂ ನೋಡಲು ಬಂದವರು ಇವನ್ನೆಲ್ಲ ಕೇಳಿಕೊಳ್ಳುವುದಿಲ್ಲ, ಕೇಳಿಕೊಳ್ಳಬೇಕಾಗಿಯೂ ಇಲ್ಲ. ಅವರು ಅರ್ಧ ನಿಮಿಷ ನಿಂತು ಮುಂದಿನ ಕಲ್ಲಿಗೆ ಹೋಗುತ್ತಾರೆ. ಚಲಿಸುವ ಚಿತ್ರ ಮಾಡುವವರಿಗೆ ಮಾತ್ರ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಸಿನಿಮಾ ಒಂದು ಸೆಕೆಂಡಿಗೆ 24 ಚೌಕಟ್ಟು ಓಡಿಸುತ್ತದೆ. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ನಿಲ್ಲಿಸಿಕೊಂಡರೂ ಸೆಕೆಂಡಿಗೆ 12 ಚಿತ್ರ ಬೇಕು, ನಿಮಿಷಕ್ಕೆ 720. ಒಂದು ನಾಯಿಯನ್ನು 720 ಸಲ ಬರೆದವನಿಗೆ ಆ ನಾಯಿಯ ಬಗ್ಗೆ ಗೊತ್ತಾಗುವಷ್ಟು ಅದನ್ನು ವರ್ಷಗಟ್ಟಲೆ ಕಾವಲು ಕಾದವನಿಗೂ ಗೊತ್ತಾಗಲಾರದು.

ಓಟದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಿಮ್ಮಲ್ಲಿ ಜಾಣರಾದವರು ತಕ್ಷಣ ಓಡುವ ನಾಯಿಯ ವಿಡಿಯೋ ಹಾಕಿಕೊಂಡು ಕಾಲುಗಳ ಲೆಕ್ಕ ಹಿಡಿಯುತ್ತೀರಿ. ಹಿಡಿಯಿರಿ, ಅದು ಬೇಕು. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಡುವ ಕುದುರೆಯ ಫೋಟೋ ತೆಗೆಯುವವರೆಗೆ ನಾಗಾಲೋಟದ ಕುದುರೆಯ ಕಾಲುಗಳು ಹೇಗಿರುತ್ತವೆ ಎಂಬುದು ಮನುಷ್ಯರಿಗೆ ಸರಿಯಾಗಿ ಗೊತ್ತಿರಲಿಲ್ಲ. ಫ್ರಾನ್ಸಿನ ಜೆರಿಕೊ 1821ರಲ್ಲಿ ಬರೆದ ಎಪ್ಸಮ್ ಕುದುರೆ ಜೂಜಿನ ಚಿತ್ರ ಪ್ಯಾರಿಸಿನ ಲೂವ್ರ್‌ನಲ್ಲಿದೆ. ಅದರಲ್ಲಿ ಕುದುರೆಗಳು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿಕೊಂಡು ಗಾಳಿಯಲ್ಲಿ ತೇಲುತ್ತವೆ. ಮೈಬ್ರಿಜ್‌ನ ಫೋಟೋಗಳ ಪ್ರಕಾರ ನಾಲ್ಕೂ ಕಾಲು ನೆಲ ಬಿಡುವುದು ಅವು ಹೊಟ್ಟೆಯಡಿ ಮುದುಡಿಕೊಂಡಾಗ. ಹಾಗಾದರೆ ಜೆರಿಕೊ ತಪ್ಪು ಬರೆದನೇ? ಲೆಕ್ಕಕ್ಕೆ ತಪ್ಪು. ಆದರೆ ವೇಗ ಇರುವುದು ಅವನ ಚಿತ್ರದಲ್ಲಿ. ಲೆಕ್ಕಕ್ಕೆ ಸರಿಯಾದ ಆ ಒಂದು ಫೋಟೋವನ್ನು ಬಿಡಿಯಾಗಿ ನೋಡಿದರೆ ಕುದುರೆ ಚಳಿಗೆ ಮುದುರಿಕೊಂಡಂತೆ ಕಾಣುತ್ತದೆ. ಆತಕೂರಿನ ಶಿಲ್ಪಿಗೂ ತನ್ನದೇ ಒಂದು ನಡೆ ಇತ್ತು. ನೀವು ಓಡಿಸಬೇಕಾದದ್ದು ಅವನ ನಾಯಿಯನ್ನು, ವಿಡಿಯೋದ ನಾಯಿಯನ್ನಲ್ಲ.

ಅದೇ ರೀತಿ ನಮ್ಮ ವೀರಗಲ್ಲುಗಳಿಗೂ ಅವುಗಳದೇ ಕ್ರಮವಿದೆ. ಸಾಮಾನ್ಯವಾಗಿ ಮೂರು ಅಂಕಣ. ಕೆಳಗೆ ಕಾಳಗ, ಮಧ್ಯದಲ್ಲಿ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ಶಿವಸನ್ನಿಧಿಯಲ್ಲಿ ಕೂತಿರುವುದು. ಮೂರು ಚೌಕಟ್ಟಿನ ಸಿನಿಮಾ ಅದು, ಆದರೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಕಾಮಿಕ್ಸ್ ಓದಿ ಬೆಳೆದ ನಮ್ಮ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಒಮ್ಮೆ ವೀರಗಲ್ಲನ್ನು ನೋಡಿ, ದೇವರ ಮುಂದೆ ಆರಾಮವಾಗಿ ಕೂತಿದ್ದವನು ಇಳಿದು ಬಂದು ಯುದ್ಧ ಮಾಡಿದ ಎಂದು ಕಥೆ ಬರೆದುಕೊಟ್ಟಿದ್ದ! ಕಥೆಯೇನೋ ಚೆನ್ನಾಗಿತ್ತು, ಪಾಪ. ಸತ್ತವನನ್ನು ಮತ್ತೆ ಸಾಯಲು ಕಳಿಸಿದಂತಾಗಿತ್ತು, ಅಷ್ಟೇ.

ಹೋದ ತಿಂಗಳು ಪರಿಚಯದ ಹುಡುಗಿಯೊಬ್ಬಳು ಮನೆಗೆ ಬಂದಾಗ ಈ ಆತಕೂರು ಕಲ್ಲಿನ ಫೋಟೋ ತೋರಿಸಿದೆ. “ತಾಳಿ ಸರ್” ಎಂದವಳೇ ತನ್ನ ಫೋನಿನಲ್ಲಿ ಅದರ ಪ್ರತಿ ತೆಗೆದುಕೊಂಡು ಏನನ್ನೋ ಒತ್ತಿದಳು. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ನಾಯಿ ಚಲಿಸತೊಡಗಿತು. ಕಲ್ಲಿನ ಬಣ್ಣ, ನೆರಳು, ಎಲ್ಲ ಹಾಗೇ ಇದೆ. ನಾನು ಬೆರಗಾದೆ. ಆಮೇಲೆ ನೋಡುತ್ತೇನೆ, ನಾಯಿ ಬಾಲ ಅಲ್ಲಾಡಿಸುತ್ತಿದೆ! ಹಂದಿ ತಲೆಯಾಡಿಸುತ್ತಿದೆ. ಸಾಯುವವರೆಗೂ ಕಾದಾಡಿದ ಎರಡು ಜೀವಗಳು ಬೆಳಗಿನ ವಾಕಿಂಗಿಗೆ ಬಂದ ಸ್ನೇಹಿತರ ಹಾಗೆ ಕುಶಲ ವಿಚಾರಿಸುತ್ತಿವೆ.

ಯಂತ್ರವನ್ನು ಬೈಯಲು ನಾನು ಇಲ್ಲಿಗೆ ಬಂದಿಲ್ಲ. ಬೈದರೆ ನೀವು ನನ್ನನ್ನು ಹಳೇ ಕಾಲದ ಮುದುಕ ಎನ್ನುತ್ತೀರಿ, ಅದು ನಿಜವೂ ಹೌದು. ಯಂತ್ರ ತನಗೆ ತಿಳಿದದ್ದನ್ನು ಮಾಡಿತು. ಅದು ಲಕ್ಷಾಂತರ ಸಾಕುನಾಯಿಗಳನ್ನು ನೋಡಿರಬೇಕು, ನಾಯಿ ಎಂದರೆ ಬಾಲ ಅಲ್ಲಾಡಿಸುತ್ತದೆ ಎಂದುಕೊಂಡಿತು. ನಾನು ಗಮನಿಸಿದ್ದು ಬೇರೆ. ಆ ಹುಡುಗಿ ಒಂದೂ ಪ್ರಶ್ನೆ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ಯಾರು ಗೆದ್ದರು ಎಂದು ಏಳು ವರ್ಷದ ಹುಡುಗ ಕೇಳಿದ್ದನ್ನು ಕೇಳಿಕೊಳ್ಳುವ ಮೊದಲೇ ಉತ್ತರ ಸಿದ್ಧವಾಗಿ ಬಂದಿತ್ತು, ಅದೂ ತಪ್ಪು ಉತ್ತರ. ಅವಳಿಗೆ ಶಾಸನದ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನಿನಿಂದ ಅದನ್ನು ಅಳಿಸಿಬಿಟ್ಟಳು. ನಾನು ಹೇಳಿರಲಿಲ್ಲ.

ಹಾಗಾದರೆ ಮ್ಯೂಸಿಯಂನಲ್ಲಿರುವುದನ್ನು ಚೂರೂ ಅಲುಗಿಸಬಾರದೇ, ಇದ್ದದ್ದು ಇದ್ದ ಹಾಗೇ ನಕಲು ಮಾಡಬೇಕೇ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಬ್ರಿಟನ್ನಿನಲ್ಲಿ ನಡೆದ ಒಂದು ಪ್ರಯೋಗದ ವಿಷಯ ಹೇಳುತ್ತೇನೆ.

ಸಕ್ಕರೆ ವ್ಯಾಪಾರಿ ಹೆನ್ರಿ ಟೇಟ್ ಕೊಟ್ಟ ಹಣ ಮತ್ತು ಚಿತ್ರಗಳಿಂದ 1897ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು ಟೇಟ್ ಗ್ಯಾಲರಿ. ಇವತ್ತು ಅದು ನಾಲ್ಕು ಗ್ಯಾಲರಿಗಳ ದೊಡ್ಡ ಸಂಸ್ಥೆ. 2010ರಲ್ಲಿ ಟೇಟ್‌ನವರು, ಬ್ರಿಸ್ಟಲ್ ನಗರದ ಆರ್ಡ್‌ಮನ್ ಸ್ಟುಡಿಯೋದವರು ಮತ್ತು ಬಿಬಿಸಿಯವರು ಸೇರಿ ಒಂದು ಕೆಲಸಕ್ಕೆ ಕೈಹಾಕಿದರು. 5ರಿಂದ 13 ವರ್ಷದ ಮಕ್ಕಳು ಟೇಟ್‌ನ ಕಲಾಕೃತಿಗಳಿಂದ ಸ್ಫೂರ್ತಿ ಪಡೆದು ಬರೆದ ಚಿತ್ರಗಳಿಂದಲೇ ಒಂದು ಅನಿಮೇಷನ್ ಸಿನಿಮಾ ಮಾಡಬೇಕು ಎಂಬುದು ಯೋಜನೆ. ಆರ್ಡ್‌ಮನ್ ಎಂದರೆ ನಿಮಗೆ ಗೊತ್ತಿರುತ್ತದೆ, ವ್ಯಾಲೇಸ್ ಮತ್ತು ಗ್ರೋಮಿಟ್ ಜೋಡಿಯನ್ನು ತೆರೆಗೆ ತಂದವರು. 2012ರ ಲಂಡನ್ ಒಲಿಂಪಿಕ್ಸ್‌ಗೆ ಸಂಬಂಧಿಸಿದ ಸಾಂಸ್ಕೃತಿಕ ಕಾರ್ಯಕ್ರಮಗಳಲ್ಲಿ ಇದೂ ಒಂದಾಗಿತ್ತು. ಗ್ಯಾಲರಿಗಳಲ್ಲಿ ಶಿಬಿರಗಳು ನಡೆದವು. ಊರೂರಿಗೆ ಲಾರಿಯೊಂದು ಹೋಗಿ ಮಕ್ಕಳಿಂದ ಚಿತ್ರ ಬರೆಸಿತು. ಸಾವಿರಾರು ಮಕ್ಕಳು ಪಾತ್ರಗಳನ್ನು, ಸಾಮಾನುಗಳನ್ನು ಬರೆದುಕೊಟ್ಟರು, ಕಥೆಗೆ ಸಲಹೆ ಕೊಟ್ಟರು, ಬಾಯಲ್ಲಿ ವಿಚಿತ್ರ ಸದ್ದು ಮಾಡಿಕೊಟ್ಟರು. ಹೀಗೆ ಹುಟ್ಟಿದ ಅರ್ಧ ಗಂಟೆಯ ಚಿತ್ರ 2011ರಲ್ಲಿ ಬಿಡುಗಡೆಯಾಯಿತು. ಅದರ ಹೆಸರನ್ನು ಕನ್ನಡಕ್ಕೆ ತಂದರೆ ‘ಚಿನ್ನದ ಹೇನಿನ ತುರಿಕೆ’ ಎಂದಾಗುತ್ತದೆ.

ನಗಬೇಡಿ. ಅಷ್ಟು ಗಂಭೀರವಾದ ಗ್ಯಾಲರಿಯ ಚಿತ್ರಸಂಗ್ರಹದಿಂದ ಹೊರಟು ಮಕ್ಕಳು ಮುಟ್ಟಿದ್ದು ಹೇನಿನ ಕಥೆಯನ್ನು. ಬೀನಿ ಎಂಬ ಹುಡುಗ ಆ ಚಿನ್ನದ ಹೇನನ್ನು ಸೂರ್ಯನಿಗೆ ತಲುಪಿಸಿ ಜಗತ್ತನ್ನು ಉಳಿಸಬೇಕು. ಟರ್ನರ್ ಎಲ್ಲಿ, ಹೇನು ಎಲ್ಲಿ ಎಂದು ನನಗೂ ಮೊದಲು ಅನ್ನಿಸಿತು. ಆದರೆ ಒಂದು ಅಂಶ ಗಮನಿಸಿ. ವೃತ್ತಿಪರರು ಮಕ್ಕಳ ಚಿತ್ರಗಳನ್ನು ತಿದ್ದಿ ಅಂದಗೊಳಿಸಲಿಲ್ಲ. ಬಣ್ಣ ಗೆರೆ ದಾಟಿದ್ದರೆ ದಾಟಿದ ಹಾಗೆಯೇ, ಒಂದು ಕೈ ಉದ್ದ ಒಂದು ಕೈ ಗಿಡ್ಡ ಇದ್ದರೆ ಹಾಗೆಯೇ ಅವು ತೆರೆಯ ಮೇಲೆ ನಡೆದಾಡಿದವು. ಆ ಗಿಡ್ಡ ಕೈ ಹೇಗೆ ಬೀಸುತ್ತದೆ ಎಂಬುದನ್ನು ಅನುಭವಿ ಕಲಾವಿದರು ಕೂತು ಯೋಚಿಸಿದರು. ಐದು ವರ್ಷದ ಮಗುವಿನ ಚಿತ್ರಕ್ಕೂ ಅದರದೇ ಕಟ್ಟಳೆ ಇದೆ ಎಂದು ಅವರು ಒಪ್ಪಿಕೊಂಡಿದ್ದರು. ಮ್ಯೂಸಿಯಂನ ಕೃತಿಗೆ ನಾವು ಕೊಡಬೇಕಾದ ಮರ್ಯಾದೆ ಇದಕ್ಕಿಂತ ಬೇರೆಯಲ್ಲ.

ಅದೇ ಟೇಟ್ ಸಂಗ್ರಹದಲ್ಲಿ ಮಾತೀಸ್‌ನ ‘ಬಸವನಹುಳು’ ಇದೆ, 1953ರದು. ಮುಪ್ಪಿನಲ್ಲಿ, ಕಾಯಿಲೆಯಿಂದ ಈಸೆಲ್ ಮುಂದೆ ಹೆಚ್ಚು ನಿಲ್ಲಲಾಗದ ಸ್ಥಿತಿಯಲ್ಲಿ ಮಾತೀಸ್ ಕತ್ತರಿ ಹಿಡಿದ. ಸಹಾಯಕರು ಕಾಗದಕ್ಕೆ ಬಣ್ಣ ಬಳಿದುಕೊಡುವುದು, ಅವನು ಕತ್ತರಿಸುವುದು, ಹೇಳಿದ ಜಾಗದಲ್ಲಿ ಅವರು ಅಂಟಿಸುವುದು. ಸುಮಾರು 2.87 ಮೀಟರ್ ಚೌಕದ ಆ ಚಿತ್ರದಲ್ಲಿ ಹುಳುವಿನ ಕಣ್ಣಿಲ್ಲ, ಕೊಂಬಿಲ್ಲ. ಬಣ್ಣದ ತುಂಡುಗಳು ಸುರುಳಿಯಾಗಿ ಸುತ್ತಿಕೊಂಡಿವೆ, ಅಷ್ಟೇ. ನೀವು ಇದನ್ನು ಅನಿಮೇಷನ್ ಮಾಡಬೇಕೆಂದರೆ ಏನು ಮಾಡುತ್ತೀರಿ? ಹುಳುವಿಗೆ ಕಣ್ಣು ಬರೆದು ತೆವಳಿಸಿದರೆ ಕೆಲಸ ಕೆಟ್ಟಿತು. ಆ ತುಂಡುಗಳು ಯಾವುದಾದ ಮೇಲೆ ಯಾವುದು ಬಂದು ಕೂತವು, ಸುರುಳಿ ಎಲ್ಲಿ ಶುರುವಾಗಿ ಎಲ್ಲಿ ಬಿಡುತ್ತದೆ ಎಂದು ಹುಡುಕುತ್ತ ಹೋದರೆ ಚಲನೆ ತಾನಾಗಿ ಸಿಗುತ್ತದೆ. ನಿಧಾನವಾಗಿಯೇ ಸಿಗುತ್ತದೆ. ಬಸವನಹುಳು ತಾನೆ?

ನಮ್ಮ ದೇಶದಲ್ಲೂ ಈ ಕೆಲಸ ಹೊಸದಲ್ಲ. 1956ರಲ್ಲಿ ಡಿಸ್ನಿ ಸ್ಟುಡಿಯೋದ ಹಳೆಯ ಕಲಾವಿದ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ನಮ್ಮ ತರುಣರಿಗೆ ತರಬೇತಿ ಕೊಟ್ಟರು. ‘ಬ್ಯಾಂಬಿ’ ಚಿತ್ರಕ್ಕೆ ದುಡಿದಿದ್ದವರು ಅವರು. ಜಿಂಕೆ ಎಂದರೆ ಹೇಗೆ ಜಿಗಿಯಬೇಕು, ಕಣ್ಣರಳಿಸಬೇಕು ಎಂಬುದು ಅವರಿಗೆ ಕರತಲಾಮಲಕ. ಇಲ್ಲಿ ಆ ತರುಣರು ಅವರ ಜೊತೆ ಸೇರಿ ಮಾಡಿದ್ದೂ ಜಿಂಕೆಯ ಕಥೆಯೇ, ‘ದಿ ಬನ್ಯನ್ ಡೀರ್’ ಎಂಬ ಜಾತಕ ಕಥೆ. ಗಬ್ಬದ ಜಿಂಕೆಯ ಬದಲು ತಾನೇ ಕೊರಳೊಡ್ಡಿದ ಮೃಗರಾಜನ ಕಥೆ ಅದು. ಆದರೆ ಚಿತ್ರಗಳ ಶೈಲಿಗೆ ಅವರು ನೋಡಿದ್ದು ಡಿಸ್ನಿಯನ್ನಲ್ಲ, ಅಜಂತಾದ ಗೋಡೆಗಳನ್ನು. ಅಜಂತಾದಲ್ಲಿ ಒಂದೇ ಗೋಡೆಯ ಮೇಲೆ ಒಂದೇ ಪಾತ್ರ ಮತ್ತೆ ಮತ್ತೆ ಬರುತ್ತದೆ; ಇಲ್ಲಿ ಹೊರಟವನು ಅಲ್ಲಿ ಕೂತಿರುತ್ತಾನೆ, ನಡುವೆ ಗೆರೆಯಿಲ್ಲ. ನೋಡುವವನೇ ನಡೆದು ಕಥೆಯನ್ನು ಚಲಿಸಬೇಕು. ಫಿಲ್ಮ್ಸ್ ಡಿವಿಷನ್‌ನ ಆ ಹುಡುಗರಲ್ಲಿ ಒಬ್ಬರಾದ ರಾಮ್ ಮೋಹನ್ ಮುಂದೆ ಭಾರತೀಯ ಅನಿಮೇಷನ್ನಿನ ಹಿರಿಯರೆನಿಸಿಕೊಂಡರು.

ಇನ್ನು ನಿಮ್ಮಲ್ಲಿ ಹೆಚ್ಚಿನವರು ತೊಗಲುಗೊಂಬೆಗಳನ್ನು ಆರಿಸಿಕೊಂಡಿದ್ದೀರಂತೆ. ಸಂತೋಷ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ಪ್ರೊ. ಎಂ.ಎಸ್. ನಂಜುಂಡರಾವ್ ಊರೂರು ತಿರುಗಿ ಕೂಡಿಸಿದ ಗೊಂಬೆಗಳ ಸಂಗ್ರಹವಿದೆ. ಅದರ ಮುಂದೆ ನಿಂತಾಗ ನೀವು ಮೊದಲು ಕಾಣುವುದು ಬಣ್ಣ. ತೊಗಲನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಬಣ್ಣ ಹಾಕಿ, ಒಡವೆ ಅಂಚುಗಳಲ್ಲಿ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಗೋಡೆಯ ಮೇಲೆ ನೇತುಹಾಕಿದಾಗ ಅದು ಅರ್ಧ ಗೊಂಬೆ ಮಾತ್ರ. ಹಿಂದೆ ದೀಪ ಬಂದು, ಮುಂದೆ ಬಿಳಿ ಪರದೆ ಬಂದರೆ ಪೂರ್ತಿಯಾಗುತ್ತದೆ. ಕಪ್ಪು ನೆರಳಲ್ಲ ಅದು, ಬಣ್ಣದ ನೆರಳು. ಜರ್ಮನಿಯ ಲೊಟ್ಟೆ ರೈನಿಗರ್ 1923ರಿಂದ ಮೂರು ವರ್ಷ ಕೂತು ‘ರಾಜಕುಮಾರ ಅಕ್ಮೆದ್‌ನ ಸಾಹಸಗಳು’ ಎಂಬ ಪೂರ್ಣಾವಧಿ ಅನಿಮೇಷನ್ ಚಿತ್ರ ಮಾಡಿದಾಕೆ. ಕಪ್ಪು ರಟ್ಟು ಮತ್ತು ತೆಳುವಾದ ಸೀಸದ ತಗಡಿನಲ್ಲಿ ಗೊಂಬೆ ಕತ್ತರಿಸಿ, ಕೀಲುಗಳನ್ನು ತಂತಿಯಿಂದ ಕಟ್ಟಿ, ಕೆಳಗಿನಿಂದ ಬೆಳಕು ಬಿಟ್ಟ ಗಾಜಿನ ಮೇಲೆ ಕೂದಲೆಳೆಯಷ್ಟು ಸರಿಸಿ ಸರಿಸಿ ಒಂದೊಂದೇ ಫೋಟೋ ತೆಗೆದಳು. ಗೊಂಬೆಯಾಟದಿಂದ ಅನಿಮೇಷನ್ನಿಗೆ ಇರುವುದು ಎರಡೇ ಹೆಜ್ಜೆ ಎಂಬುದು ಆಕೆಯ ಚಿತ್ರ ನೋಡಿದರೆ ಗೊತ್ತಾಗುತ್ತದೆ. ಆದರೆ ಆಕೆಯ ಗೊಂಬೆಗೆ ಬೆರಳಿನವರೆಗೆ ಕೀಲುಂಟು. ನಮ್ಮ ಎಷ್ಟೋ ಗೊಂಬೆಗಳು ಒಂದೇ ತುಂಡು ತೊಗಲಿನವು; ಕೆಲವೊಮ್ಮೆ ಇಡೀ ದೃಶ್ಯವೇ ಒಂದು ತುಂಡು. ಅವಕ್ಕೆ ಮೊಣಕಾಲು ಮಡಿಸುವುದು ಬಾರದು. ಹಾಗಾದರೆ ನಮ್ಮ ಹನುಮಂತ ಹಾರುವುದು ಹೇಗೆ? ಇಡೀ ಗೊಂಬೆ ಪರದೆಗೆ ತಾಗಿ, ದೂರ ಸರಿದು, ಮಸುಕಾಗಿ, ಮತ್ತೆ ಬಂದು ತಾಗುತ್ತದೆ. ಕಂಪ್ಯೂಟರಿನಲ್ಲಿ ನೀವು ಅದಕ್ಕೆ ಹದಿನಾರು ಕೀಲು ಜೋಡಿಸಬಲ್ಲಿರಿ. ಜೋಡಿಸಿದ ಮೇಲೆ ಅದು ತೊಗಲುಗೊಂಬೆಯಾಗಿ ಉಳಿಯುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳಿ.

ಗಾತ್ರವನ್ನೂ ಗಮನಿಸಿ. ದೇವರು, ರಾಜ ದೊಡ್ಡ ಗೊಂಬೆ. ಸೇವಕ, ಸಾಮಾನ್ಯ ಚಿಕ್ಕ ಗೊಂಬೆ. ಇದು ದೂರ ಹತ್ತಿರದ ಲೆಕ್ಕವಲ್ಲ, ಅಂತಸ್ತಿನ ಲೆಕ್ಕ. ನೀವು ‘ಸರಿಪಡಿಸಲು’ ಹೋಗಿ ಎಲ್ಲರನ್ನೂ ಒಂದೇ ಎತ್ತರ ಮಾಡಿದರೆ ಆ ಲೋಕದ ನಿಯಮವೇ ಮಾಯವಾಗುತ್ತದೆ. ಬೇಕೆಂದೇ ಮಾಡುವುದಾದರೆ ಮಾತು ಬೇರೆ. ಸೇವಕನೊಬ್ಬ ಚೌಕಟ್ಟಿನಿಂದ ಚೌಕಟ್ಟಿಗೆ ಬೆಳೆಯುತ್ತ ಬೆಳೆಯುತ್ತ ರಾಜನ ಭುಜ ಮುಟ್ಟುವ ಚಿತ್ರವನ್ನು ನಿಮ್ಮಲ್ಲಿ ಯಾರಾದರೂ ಮಾಡಿದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ. ನಿಯಮ ತಿಳಿದು ಮುರಿದವನ ಕೆಲಸ ಅದು.

ಮತ್ತೊಂದು ಮಾತು, ನನಗೆ ಇದು ಎಲ್ಲಕ್ಕಿಂತ ಮುಖ್ಯ. ಆತಕೂರಿನ ಶಿಲ್ಪಿಯನ್ನು ನಾವು ಹೋಗಿ ಕೇಳುವಂತಿಲ್ಲ, ಸಾವಿರ ವರ್ಷವಾಯಿತು. ಗೊಂಬೆಯವರನ್ನು ಕೇಳಬಹುದು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರಿಗೆ 96 ವರ್ಷ. ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರಲ್ಲಿ ತೀರಿಕೊಂಡರು. ರಾಮಾಯಣ ಮಹಾಭಾರತ ಆಡಿದ ತೊಗಲಿನಲ್ಲೇ ಗಾಂಧೀಜಿಯ ಕಥೆಯನ್ನೂ ಆಡಿಸಿ ತೋರಿಸಿದವರು ಅವರು. ಮ್ಯೂಸಿಯಂ ಗೊಂಬೆಯನ್ನು ಕಾಪಾಡುತ್ತದೆ, ಹುಳು ಹಿಡಿಯದಂತೆ, ಬಿಸಿಲು ಬೀಳದಂತೆ. ಆದರೆ ಗೊಂಬೆ ಹೇಗೆ ನಡೆಯುತ್ತದೆ ಎಂಬುದು ಕೈಯಲ್ಲಿದೆ, ಯಾವಾಗ ನಿಲ್ಲುತ್ತದೆ ಎಂಬುದು ಹಾಡುವವರ ಉಸಿರಿನಲ್ಲಿದೆ. ಅದನ್ನು ಗಾಜಿನ ಹಿಂದೆ ಇಡಲು ಬರುವುದಿಲ್ಲ. ಗೊಂಬೆಯ ಫೋಟೋ ತಂದು ಕಂಪ್ಯೂಟರಿನಲ್ಲಿ ಕುಣಿಸಿ, ಕೊನೆಯಲ್ಲಿ ‘ಜಾನಪದ ಕಲೆಯ ಆಧಾರ’ ಎಂದು ಒಂದು ಸಾಲು ಹಾಕಿ ಕೈತೊಳೆದುಕೊಳ್ಳುವ ಚಿತ್ರಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀನಾ ಸಬ್ನಾನಿಯವರು ಭೀಲ ಚಿತ್ರಕಾರ ಶೇರ್ ಸಿಂಗ್ ಅವರೊಂದಿಗೆ ಕೂತು 2016ರಲ್ಲಿ ‘ಹಮ್ ಚಿತ್ರ್ ಬನಾತೆ ಹೈಂ’ ಮಾಡಿದ ರೀತಿ ಬೇರೆ. ಚಿತ್ರ ಬರೆಯುವವನೇ ಅಲ್ಲಿ ಕಥೆಯ ಪಾಲುದಾರ. ನಿಮ್ಮ ಶಿಬಿರದ ದುಡ್ಡಿನಲ್ಲಿ ಎರಡು ಬಸ್ ಟಿಕೆಟ್ ಉಳಿದರೆ ಗೊಂಬೆಯಾಡಿಸುವವರ ಊರಿಗೆ ಹೋಗಿಬನ್ನಿ. ಹೋದವರು ಕ್ಯಾಮೆರಾ ತೆಗೆಯುವ ಮೊದಲು ಒಂದು ರಾತ್ರಿ ಆಟ ನೋಡಿ. ಪರದೆಯ ಮುಂದೆ ಅರ್ಧ ರಾತ್ರಿ, ಹಿಂದೆ ಅರ್ಧ ರಾತ್ರಿ. ಅವರ ಹೆಸರನ್ನು ನಿಮ್ಮ ಹೆಸರಿನ ಪಕ್ಕದಲ್ಲಿ ಹಾಕಿ, ಕೆಳಗಲ್ಲ. ಸಂಭಾವನೆ ಕೊಡಿ.

ನನ್ನ ಸಮಯ ಮುಗಿಯುತ್ತಿದೆ ಎಂದು ಸಂಯೋಜಕರು ಗಡಿಯಾರ ತೋರಿಸುತ್ತಿದ್ದಾರೆ. ಅಂದು ಪ್ರಶ್ನೆ ಕೇಳಿದ ಆ ಸೋದರಳಿಯ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಈ ಭಾಷಣಕ್ಕೆ ಬರುತ್ತಿದ್ದೇನೆ ಎಂದು ನಿನ್ನೆ ಫೋನಿನಲ್ಲಿ ಹೇಳಿದೆ. ಕಲ್ಲಿನ ನೆನಪು ಅವನಿಗಿತ್ತು. ಎರಡೂ ಸತ್ತವು ಎಂದು ನಾನು ಆಗಲೇ ಪತ್ರ ಬರೆದು ತಿಳಿಸಿದ್ದೆನಂತೆ, ಅದೂ ಅವನಿಗೆ ನೆನಪಿತ್ತು, ನನಗೇ ಮರೆತಿತ್ತು. “ಅವರು ಸಿನಿಮಾ ಮಾಡಿದರೆ ಒಂದು ಕೇಳು ಮಾವ” ಎಂದ. “ಮೊದಲು ಸತ್ತದ್ದು ಯಾವುದು?”

ಶಾಸನದ ಸಾಲುಗಳನ್ನು ಮತ್ತೆ ತೆರೆದು ನೋಡಿದೆ. ಎರಡೂ ಸತ್ತವು ಎಂಬಲ್ಲಿಗೆ ಅದು ನಿಲ್ಲುತ್ತದೆ. ಅಂದಮೇಲೆ ಆ ನಾಲ್ಕು ಸೆಕೆಂಡು, ಆ 48 ಚಿತ್ರಗಳು ನಿಮ್ಮ ಪಾಲಿನವು. ಯಾರು ಬರೆಯುತ್ತೀರಿ?